ದೀಪ ಹಿಡಿದಾಕೆ ಬರೆದ ಫಾರಂ

ಫ್ಲಾರೆನ್ಸ್ ನೈಟಿಂಗೇಲ್ ಅಂದ್ರೆ ಶಾಲೆಯ ಪಾಠದಲ್ಲಿ ಓದಿದ, ದೀಪ ಹಿಡಿದು ರೋಗಿಗಳ ನಡುವೆ ಓಡಾಡುವ ನರ್ಸ್ ನೆನಪಾಗ್ತಾರೆ. ಡೇಟಾ, ಸ್ಕೀಮಾ ಅಂತ ತಲೆ ಕೆಡಿಸಿಕೊಳ್ಳುವ ನಮಗೆ ಅವರ ಇನ್ನೊಂದು ಕೆಲಸವೂ ಗೊತ್ತಿರಬೇಕು.

ಅವರು ಹುಟ್ಟಿದ್ದು 1820ರ ಮೇ 12ರಂದು, ಇಟಲಿಯ ಫ್ಲಾರೆನ್ಸ್‌ನಲ್ಲಿ. ಊರಿನ ಹೆಸರನ್ನೇ ಮಗುವಿಗಿಟ್ಟರು. ಸಿರಿವಂತ ಇಂಗ್ಲಿಷ್ ಮನೆತನ. ಪಾಠ ಹೇಳಿಕೊಟ್ಟದ್ದು ತಂದೆ. ಚಿಕ್ಕಂದಿನಿಂದಲೂ ಅಂಕಿಗಳ ಹುಚ್ಚು. ನರ್ಸ್ ಆಗ್ತೀನಿ ಅಂದಾಗ ಮನೆಯವರು ಒಪ್ಪಲಿಲ್ಲ. ಇವರು ಹಠ ಬಿಡಲಿಲ್ಲ.

1854ರ ನವೆಂಬರ್‌ನಲ್ಲಿ, ಕ್ರಿಮಿಯಾ ಯುದ್ಧದ ಸಮಯ, 38 ನರ್ಸ್‌ಗಳ ಜೊತೆ ಸ್ಕುಟಾರಿಯ ಸೇನಾ ಆಸ್ಪತ್ರೆಗೆ ಬಂದರು. ಇದು ಈಗಿನ ಇಸ್ತಾಂಬುಲ್‌ನ ಭಾಗ. ಸೈನಿಕರು ಗಾಯಕ್ಕಿಂತ ಹೆಚ್ಚಾಗಿ ಕಾಲರಾ, ಟೈಫಸ್, ಭೇದಿಯಿಂದ ಸಾಯುತ್ತಿದ್ದರು. ಸತ್ತವರ ಲೆಕ್ಕ ಒಂದು ಪುಸ್ತಕದಲ್ಲಿ ಒಂದು ಥರ, ಇನ್ನೊಂದರಲ್ಲಿ ಇನ್ನೊಂದು ಥರ. 1855ರ ಮಾರ್ಚ್‌ನಲ್ಲಿ ಬಂದ ನೈರ್ಮಲ್ಯ ಆಯೋಗ ಚರಂಡಿ ಸರಿಪಡಿಸಿದ ಮೇಲೆ ಸಾವು ಇಳಿಯಿತು. ಊರಿಗೆ ಮರಳಿದ ನೈಟಿಂಗೇಲ್, ಸಂಖ್ಯಾಶಾಸ್ತ್ರಜ್ಞ ವಿಲಿಯಂ ಫಾರ್ ಜೊತೆ ಕೂತು ಇದನ್ನೆಲ್ಲ ವೃತ್ತಾಕಾರದ ಚಿತ್ರಗಳಲ್ಲಿ ತೋರಿಸಿದರು. 1858ರಲ್ಲಿ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘದ ಮೊದಲ ಮಹಿಳಾ ಸದಸ್ಯೆಯಾದರು.

ಆಮೇಲೆ ಅವರ ಕಣ್ಣು ಬಿದ್ದದ್ದು ಲಂಡನ್ನಿನ ಆಸ್ಪತ್ರೆಗಳ ಮೇಲೆ. ಒಂದೇ ಕಾಯಿಲೆಗೆ ಒಂದೊಂದು ಕಡೆ ಒಂದೊಂದು ಹೆಸರು; ಎಣಿಸುವ ರೀತಿಯೂ ಬೇರೆ. ಹಾಗಿದ್ದಾಗ ಎಲ್ಲಿ ಚಿಕಿತ್ಸೆ ಚೆನ್ನಾಗಿದೆ ಅಂತ ಹೋಲಿಸೋದು ಹೇಗೆ? ಅದಕ್ಕೇ ಎಲ್ಲರಿಗೂ ಒಂದೇ ಫಾರಂ ತಯಾರಿಸಿದರು: ಯಾವ ಕಾಯಿಲೆಗೆ ಎಷ್ಟು ಜನ ಸೇರಿದರು, ಎಷ್ಟು ಜನ ಗುಣವಾದರು, ಎಷ್ಟು ಜನ ಸತ್ತರು, ಎಷ್ಟು ದಿನ ಇದ್ದರು. 1860ರಲ್ಲಿ ಲಂಡನ್ನಿನಲ್ಲಿ ನಡೆದ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಸಮ್ಮೇಳನ ಇದನ್ನು ಒಪ್ಪಿತು. ಕೆಲವು ಆಸ್ಪತ್ರೆಗಳು ತುಂಬಲೂ ಶುರುಮಾಡಿದವು.

ಆದರೆ ಅದು ನಿಲ್ಲಲಿಲ್ಲ. ರೋಗಗಳ ಪಟ್ಟಿಗೇ ವೈದ್ಯರಿಂದ ತಕರಾರು ಬಂತು. ಬರೆಯುವ ಕೆಲಸ ಬೇರೆ ಜಾಸ್ತಿ. ಹೋಲಿಸಬಹುದಾದ ದಾಖಲೆ ಎಲ್ಲೂ ಸಿಗಲಿಲ್ಲ ಎಂದು ನೈಟಿಂಗೇಲ್ 1863ರಲ್ಲಿ ಬೇಸರದಿಂದ ಬರೆದರು. ಅದಿದ್ದಿದ್ದರೆ, ದಾನಿಗಳ ಹಣ ಎಲ್ಲಿ ಹೋಗ್ತಿದೆ, ಅದರಿಂದ ನಿಜಕ್ಕೂ ಒಳ್ಳೆಯದಾಗ್ತಿದೆಯಾ ಅನ್ನೋದು ಗೊತ್ತಾಗುತ್ತಿತ್ತು ಅನ್ನೋದು ಅವರ ವಾದ.

ಒಂದೇ ಪ್ರಶ್ನೆಪಟ್ಟಿಯ ಬಲ ಕಂಡದ್ದು ಭಾರತದ ವಿಷಯದಲ್ಲಿ. ಅವರು ಇಲ್ಲಿಗೆ ಒಮ್ಮೆಯೂ ಬರಲಿಲ್ಲ. ಇಲ್ಲಿನ ಸೇನಾ ಠಾಣ್ಯಗಳಿಗೆ ಪ್ರಶ್ನೆಗಳು ಹೋದವು, ಉತ್ತರಗಳು ಬಂದವು. ಕುಡಿಯುವ ನೀರಿನ ಹಲಸೂರು ಕೆರೆಗೆ ಬೆಂಗಳೂರಿನ ಕೊಳಚೆ ಸೇರುತ್ತಿದ್ದ ಸಂಗತಿಯೂ ಹೀಗೇ ಲಂಡನ್ ತಲುಪಿತು. ಬ್ರಿಟಿಷ್ ಸೈನಿಕರಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಜನ ಸಾಯುತ್ತಿದ್ದರು ಅನ್ನೋದು 1863ರ ವರದಿಯಿಂದ ಬಯಲಾಯಿತು. 1910ರ ಆಗಸ್ಟ್ 13ರಂದು ಲಂಡನ್ನಿನಲ್ಲಿ ತೀರಿಕೊಳ್ಳುವ ಹೊತ್ತಿಗೆ ನೈಟಿಂಗೇಲ್‌ಗೆ 90 ವರ್ಷ.

ಈಗ ನಮ್ಮಲ್ಲಿ ಆಭಾ ಸಂಖ್ಯೆ ಇದೆ. ಒಂದು ಆಸ್ಪತ್ರೆಯ ರಿಪೋರ್ಟ್ ಇನ್ನೊಂದಕ್ಕೆ ಸರಿಯಾಗಿ ತಲುಪಿದರೆ ಅದೇ ಟೆಸ್ಟ್‌ಗೆ ಮತ್ತೆ ದುಡ್ಡು ಕೊಡೋದು ತಪ್ಪುತ್ತೆ. ಯಾವ ಔಷಧಿ ಒಗ್ಗಲ್ಲ ಅಂತ ಡಾಕ್ಟರಿಗೆ ಮೊದಲೇ ಗೊತ್ತಿರುತ್ತೆ. ಆದರೆ ಆ ಕಡೆ ಓದುವವರಿಗೂ ಅದೇ ಅರ್ಥ ಆಗಬೇಕು, ಈ ಕಡೆ ತುಂಬುವ ನರ್ಸ್‌ಗೆ ಹೊರೆ ಆಗಬಾರದು. ನೈಟಿಂಗೇಲ್ ಅವರ ಫಾರಂ ಎಡವಿದ್ದು ಇವೆರಡರಲ್ಲೇ. ನಾಳೆ ಆಸ್ಪತ್ರೆಯ ಸಾಫ್ಟ್‌ವೇರ್ ಬರೆಯಲು ಕೂತಾಗ, ಮೊದಲು ಒಂದು ದಿನ ವಾರ್ಡಿಗೆ ಹೋಗಿ ನೋಡಿ ಬನ್ನಿ.