ಆಯ್ಕೆಗೆ ಬಿಡದ ಒಂದು ವಿಷಯ

ಕಾಲೇಜು ವಿದ್ಯಾರ್ಥಿಗಳೆಲ್ಲರೂ ದೇಶದ ಇತಿಹಾಸವನ್ನೂ ಸರ್ಕಾರದ ಸ್ವರೂಪವನ್ನೂ ಓದಲೇಬೇಕೆಂಬ ವಾದ ಅಮೆರಿಕದಲ್ಲಿ ಮತ್ತೆ ಮತ್ತೆ ತಲೆಯೆತ್ತುತ್ತದೆ. ಟೆಕ್ಸಾಸ್‌ನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುಕಾಲದಿಂದ ಇದು ಕಾನೂನೇ ಆಗಿದೆ. ಈ ಚರ್ಚೆ ಕಿವಿಗೆ ಬಿದ್ದಾಗಲೆಲ್ಲ ನನಗೆ ಥಾಮಸ್ ಜೆಫರ್ಸನ್ ನೆನಪಾಗುತ್ತಾನೆ.

1743ರಲ್ಲಿ ವರ್ಜೀನಿಯಾದಲ್ಲಿ ಜನಿಸಿದ ಆತ ಸ್ವಾತಂತ್ರ್ಯ ಘೋಷಣೆಯ ಕರಡು ಬರೆದದ್ದು, ಮುಂದೆ ಮೂರನೆಯ ಅಧ್ಯಕ್ಷನಾದದ್ದು ಎಲ್ಲರಿಗೂ ಗೊತ್ತು. ಅಷ್ಟಾಗಿ ಗೊತ್ತಿಲ್ಲದ್ದು ಆತನ ಶಿಕ್ಷಣ ಮಸೂದೆ. ಯುದ್ಧ ನಡೆಯುತ್ತಿದ್ದಾಗಲೇ, 1778ರಲ್ಲಿ, ಸ್ವತಂತ್ರ ಪ್ರಜೆಗಳ ಗಂಡು ಹೆಣ್ಣು ಮಕ್ಕಳಿಗೆಲ್ಲ ಮೂರು ವರ್ಷ ಉಚಿತ ಶಾಲೆ ಬೇಕೆಂದೂ, ಓದು ಕಲಿಸುವ ಪುಸ್ತಕಗಳೇ ಗ್ರೀಸ್, ರೋಮ್, ಇಂಗ್ಲೆಂಡ್, ಅಮೆರಿಕಗಳ ಇತಿಹಾಸವನ್ನು ಪರಿಚಯಿಸಬೇಕೆಂದೂ ಬರೆದ. ಅಧಿಕಾರ ದಬ್ಬಾಳಿಕೆಯಾಗಿ ತಿರುಗುವುದನ್ನು ಹಿಂದಿನವರ ಅನುಭವ ಬಲ್ಲವನು ಬೇಗ ಗುರುತಿಸಬಲ್ಲನೆಂಬುದು ಆತನ ತರ್ಕ. ಶಾಸನಸಭೆ ಅದನ್ನು ಅಂಗೀಕರಿಸಲಿಲ್ಲ.

ಸೋತ ಕೆಲಸವನ್ನು ವೃದ್ಧಾಪ್ಯದಲ್ಲಿ ಮತ್ತೆ ಕೈಗೆತ್ತಿಕೊಂಡ. 1819ರಲ್ಲಿ ಸ್ಥಾಪನೆಯಾಗಿ 1825ರಲ್ಲಿ ತರಗತಿಗಳನ್ನು ಆರಂಭಿಸಿದ ವರ್ಜೀನಿಯಾ ವಿಶ್ವವಿದ್ಯಾಲಯದ ಕಟ್ಟಡಗಳ ನಕ್ಷೆಯೂ ಆತನದೇ. ಯಾವ ವಿಷಯ ಓದಬೇಕೆಂಬುದು ವಿದ್ಯಾರ್ಥಿಯ ಇಷ್ಟ. ಯಾವ ಪುಸ್ತಕ ಕಲಿಸಬೇಕೆಂಬುದು ಅಧ್ಯಾಪಕನ ಇಷ್ಟ. ಆ ಕಾಲಕ್ಕೆ ಇದು ಸಣ್ಣ ಕ್ರಾಂತಿಯೇ. ಆದರೆ ಸರ್ಕಾರದ ತತ್ತ್ವಗಳ ಪಾಠಕ್ಕೆ ಮಾತ್ರ ಈ ಸ್ವಾತಂತ್ರ್ಯವಿರಲಿಲ್ಲ. ಅದರ ಪಠ್ಯಗಳನ್ನು ಆಡಳಿತ ಮಂಡಳಿಯೇ ಗೊತ್ತುಪಡಿಸಿತು: ಲಾಕ್, ಸಿಡ್ನಿ, ಸ್ವಾತಂತ್ರ್ಯ ಘೋಷಣೆ, ಫೆಡರಲಿಸ್ಟ್ ಪ್ರಬಂಧಗಳು, ರಾಜ್ಯಗಳ ಹಕ್ಕನ್ನು ಎತ್ತಿಹಿಡಿದ ವರ್ಜೀನಿಯಾದ ನಿರ್ಣಯಗಳು. ಗೆಳೆಯ ಮ್ಯಾಡಿಸನ್‌ಗೆ ಅಳುಕಿತ್ತು. ಪಟ್ಟಿಗಿಂತ ಸಮರ್ಥ ಅಧ್ಯಾಪಕನೇ ಒಳ್ಳೆಯ ಕಾವಲು ಎಂಬುದು ಆತನ ಅಭಿಪ್ರಾಯ. ಆದರೂ ಪಟ್ಟಿಯನ್ನು ತಡೆಯಲಿಲ್ಲ. ವಾಷಿಂಗ್ಟನ್‌ನ ವಿದಾಯ ಸಂದೇಶ ಅದಕ್ಕೆ ಸೇರಿದ್ದು ಆತನ ಸಲಹೆಯಿಂದಲೇ.

ಚಿಂತನೆಯ ಸ್ವಾತಂತ್ರ್ಯವನ್ನು ಜೀವನವಿಡೀ ಪ್ರತಿಪಾದಿಸಿದ ಜೆಫರ್ಸನ್, ಕೇಂದ್ರಕ್ಕೆ ಹೆಚ್ಚು ಅಧಿಕಾರ ಬೇಕೆನ್ನುವವರ ವಿಚಾರ ತರಗತಿಯೊಳಕ್ಕೆ ನುಸುಳೀತೆಂದು ಹೆದರಿದ. ಇತಿಹಾಸವನ್ನು ಕಡ್ಡಾಯ ಮಾಡುವುದಕ್ಕೆ ನನ್ನ ಆಕ್ಷೇಪವಿಲ್ಲ. ನಾಗರಿಕನಾಗುವವನಿಗೆ ಅಷ್ಟು ಓದು ಬೇಕು. ಆದರೆ ಓದಿದವನು ತಲುಪಬೇಕಾದ ತೀರ್ಮಾನವನ್ನೂ ಕಡ್ಡಾಯ ಮಾಡುವ ಆಸೆ ಬೆನ್ನಿಗೇ ಬರುತ್ತದೆ. ಜೆಫರ್ಸನ್‌ನಂಥವನನ್ನೇ ಅದು ಬಿಡಲಿಲ್ಲ.

ಇನ್ನೊಂದು ಮಾತನ್ನೂ ಹೇಳಲೇಬೇಕು. ಆ ವಿಶ್ವವಿದ್ಯಾಲಯವನ್ನು ಕಟ್ಟಲು ದುಡಿದವರಲ್ಲಿ ಗುಲಾಮರಿದ್ದರು. ಅವರಿಗೆ ಅಲ್ಲಿ ಓದುವ ಹಕ್ಕಿರಲಿಲ್ಲ. ಜೆಫರ್ಸನ್ ಜೀವಿತಾವಧಿಯಲ್ಲಿ ಆತನ ಒಡೆತನದಲ್ಲಿದ್ದ ಗುಲಾಮರ ಸಂಖ್ಯೆ 600ಕ್ಕೂ ಹೆಚ್ಚು. ಘೋಷಣೆಗೆ 50 ವರ್ಷ ತುಂಬಿದ ದಿನವೇ, 1826ರ ಜುಲೈ 4ರಂದು, ಆತ ಸಾಲದ ಹೊರೆಯಲ್ಲಿ ತೀರಿಕೊಂಡ. ಮರುವರ್ಷದ ಜನವರಿಯಲ್ಲಿ ಮಾಂಟಿಸೆಲೊದ 130 ಗುಲಾಮರನ್ನು ಹರಾಜಿಗಿಟ್ಟರು.

ಸೌತ್ ಕರೊಲಿನಾ ರಾಜ್ಯವು 2021ರಲ್ಲಿ ತನ್ನ ಸರ್ಕಾರಿ ಕಾಲೇಜುಗಳಿಗೆ ಕಡ್ಡಾಯಗೊಳಿಸಿದ ಓದಿನಲ್ಲಿ, ಜೆಫರ್ಸನ್ ಬರೆದ ಘೋಷಣೆಯ ಜೊತೆಗೆ ಲಿಂಕನ್‌ನ ಗುಲಾಮ ವಿಮೋಚನೆಯ ಘೋಷಣೆಯೂ ಆಫ್ರಿಕನ್ ಅಮೆರಿಕನ್ನರ ಹೋರಾಟದ ಒಂದು ದಾಖಲೆಯೂ ಇವೆ.