ಬೈಸನ್ ಸಾಕಿದ ಭೌತವಿಜ್ಞಾನಿ

ನಾವು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಬರೆಯುವ ಪ್ರತಿ ಪ್ರಾಜೆಕ್ಟ್ ರಿಪೋರ್ಟಿನ ಕೊನೆಗೆ ಒಂದು ಅಧ್ಯಾಯ ಇದ್ದೇ ಇರುತ್ತದೆ. ಅದರ ಹೆಸರು ಉಪಯೋಗಗಳು. ಏನೂ ತೋಚದಿದ್ದರೆ ರೈತರಿಗೆ ಅನುಕೂಲ, ರಕ್ಷಣಾ ಕ್ಷೇತ್ರಕ್ಕೆ ಅನುಕೂಲ ಎಂದು ಎರಡು ಸಾಲು ಹಾಕಿದರಾಯಿತು, ವೈವಾದಲ್ಲಿ ಯಾರೂ ತಕರಾರು ತೆಗೆಯುವುದಿಲ್ಲ. ಹೀಗಿರುವಾಗ ರಾಬರ್ಟ್ ವಿಲ್ಸನ್ ಎಂಬ ಅಮೆರಿಕದ ಭೌತವಿಜ್ಞಾನಿ 1969ರಲ್ಲಿ ತಮ್ಮ ದೇಶದ ಸಂಸತ್ ಸಮಿತಿಯೆದುರು ಕುಳಿತು, 25 ಕೋಟಿ ಡಾಲರ್ ವೆಚ್ಚದ ಯೋಜನೆಗೆ ಆ ಎರಡು ಸಾಲು ಸೇರಿಸಲು ಒಪ್ಪಲಿಲ್ಲ ಎಂದು ಓದಿದಾಗ ನನಗೆ ಕುತೂಹಲ ಹುಟ್ಟಿತು. ಯಾರು ಈ ಮನುಷ್ಯ? ಅಷ್ಟು ಧೈರ್ಯ ಎಲ್ಲಿಂದ ಬಂತು? ಸೆಮಿಸ್ಟರ್ ರಜೆಯಲ್ಲಿ ಅವರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ.

ಕಣಭೌತವಿಜ್ಞಾನ ಎಂದರೆ ಈಗ ನಮಗೆಲ್ಲ ಜಿನೀವಾದ ಸರ್ನ್ ನೆನಪಾಗುತ್ತದೆ. ಆದರೆ ಅದರ ದೊಡ್ಡ ಯಂತ್ರ ಬರುವ ಮೊದಲು ಕಾಲು ಶತಮಾನ ಕಾಲ ಜಗತ್ತಿನ ಅತಿ ಶಕ್ತಿಶಾಲಿ ವೇಗವರ್ಧಕ ಇದ್ದದ್ದು ಅಮೆರಿಕದ ಷಿಕಾಗೋ ನಗರದ ಪಶ್ಚಿಮಕ್ಕಿರುವ ಫರ್ಮಿಲ್ಯಾಬಿನಲ್ಲಿ. ಜೋಳದ ಹೊಲಗಳಿದ್ದ ಜಾಗದಲ್ಲಿ ಆ ಪ್ರಯೋಗಾಲಯವನ್ನು ಎಬ್ಬಿಸಿ ನಿಲ್ಲಿಸಿದವರು ವಿಲ್ಸನ್.

ಅವರು ಹುಟ್ಟಿದ್ದು 1914ರ ಮಾರ್ಚ್ 4ರಂದು, ವಯೋಮಿಂಗ್ ರಾಜ್ಯದ ಫ್ರಾಂಟಿಯರ್ ಎಂಬ ಸಣ್ಣ ಊರಿನಲ್ಲಿ. ದನ ಮೇಯಿಸುವ ಸೀಮೆ ಅದು. ಎಂಟು ವರ್ಷವಾಗಿದ್ದಾಗ ತಂದೆ ತಾಯಿ ಬೇರೆಯಾದರು. ಹುಡುಗ ಶಾಲೆಯಿಂದ ಶಾಲೆಗೆ ಅಲೆಯುತ್ತ ಬೆಳೆದ. ರ‍್ಯಾಂಚಿನ ಕುಲುಮೆಯಲ್ಲಿ ಕಬ್ಬಿಣ ಕಾಯಿಸಿ ಬಡಿದು ಬೇಕಾದ ಸಾಮಾನನ್ನು ತಾವೇ ಮಾಡಿಕೊಳ್ಳುವ ವಿದ್ಯೆ ಆಗಲೇ ಕೈಗೆ ಹತ್ತಿತು. ನಮ್ಮಪ್ಪ ಬೋರ್‌ವೆಲ್ ಮೋಟಾರು ರಿವೈಂಡಿಂಗ್ ಮಾಡುವವರು. ಹಾಗಾಗಿ ಈ ಕುಲುಮೆಯ ಸಂಗತಿ ಓದಿದಾಗ ವಿಲ್ಸನ್ ನನಗೆ ಸ್ವಲ್ಪ ಹತ್ತಿರದವರೆನಿಸಿದರು.

1932ರಲ್ಲಿ ಬರ್ಕ್ಲಿಯ ವಿಶ್ವವಿದ್ಯಾಲಯ ಸೇರಿದರು. ಅಲ್ಲಿ ಸೈಕ್ಲೋಟ್ರಾನ್ ಕಂಡುಹಿಡಿದ ಅರ್ನೆಸ್ಟ್ ಲಾರೆನ್ಸ್ ಅವರ ಶಿಷ್ಯರಾದರು. ಲಾರೆನ್ಸ್ ಇವರನ್ನು ಎರಡು ಸಲ ಕೆಲಸದಿಂದ ಕಿತ್ತುಹಾಕಿದರು ಎಂಬುದು ಕೆಲಸ ಹುಡುಕುತ್ತಿರುವ ನಮ್ಮಂಥವರಿಗೆ ಸಮಾಧಾನ ಕೊಡಬಹುದಾದ ವಿಷಯ. ಮೊದಲ ಸಲ ಯಂತ್ರದ ಒಂದು ರಬ್ಬರ್ ಸೀಲ್ ಕಳೆದುಹೋಗಿ, ದೇಣಿಗೆ ಕೊಡಲು ಬಂದಿದ್ದವರೆದುರು ಸೈಕ್ಲೋಟ್ರಾನ್ ಓಡಲಿಲ್ಲ. ಎರಡನೇ ಸಲ ವೆಲ್ಡಿಂಗ್ ಮಾಡುವಾಗ ದುಬಾರಿ ಇಕ್ಕಳವೊಂದು ಕರಗಿಹೋಯಿತು. ವಾಪಸ್ ಬಾ ಎಂದು ಆಮೇಲೆ ಕರೆದರು, ಆದರೆ ವಿಲ್ಸನ್ ಪ್ರಿನ್ಸ್‌ಟನ್ ದಾರಿ ಹಿಡಿದರು. 1940ರಲ್ಲಿ ಪಿಎಚ್‌ಡಿ, ಅದೇ ವರ್ಷ ಮದುವೆ.

ಮುಂದಿನ ಐದು ವರ್ಷ ಅವರ ಬದುಕಿನ ಗಂಟು. ಯುದ್ಧ ಶುರುವಾಗಿತ್ತು. ಹಿಟ್ಲರನ ಜರ್ಮನಿ ಮೊದಲು ಅಣುಬಾಂಬು ಮಾಡಿಬಿಟ್ಟರೆ ಎಂಬ ಭಯ ಎಲ್ಲರಿಗೂ ಇತ್ತು. ವಿಲ್ಸನ್ ಯುರೇನಿಯಂ ಬೇರ್ಪಡಿಸುವ ಒಂದು ವಿಧಾನ ಹೊಳೆಯಿಸಿಕೊಂಡು ತಂಡ ಕಟ್ಟಿದರು. ಆಗಿನ್ನೂ ವಿದ್ಯಾರ್ಥಿಯಾಗಿದ್ದ ರಿಚರ್ಡ್ ಫೈನ್‌ಮನ್ ಅವರನ್ನು ಈ ಕೆಲಸಕ್ಕೆ ಎಳೆದು ತಂದವರೂ ಇವರೇ. ಆ ವಿಧಾನವನ್ನು ಸರ್ಕಾರ ಕೈಬಿಟ್ಟಾಗ ಇಡೀ ತಂಡ ಲಾಸ್ ಅಲಾಮೋಸ್‌ಗೆ ಹೋಯಿತು. 1943ರಲ್ಲಿ ಅಲ್ಲಿಯ ಸೈಕ್ಲೋಟ್ರಾನ್ ಗುಂಪಿನ ಮುಖ್ಯಸ್ಥರಾದಾಗ ವಿಲ್ಸನ್‌ಗೆ 29 ವರ್ಷ. ಆ ಹಂತದ ನಾಯಕರಲ್ಲಿ ಅವರೇ ಎಲ್ಲರಿಗಿಂತ ಚಿಕ್ಕವರು.

ಜರ್ಮನಿ ಸೋಲುವುದು ಖಚಿತವಾಗುತ್ತಿದ್ದಂತೆ ಅವರೊಳಗೆ ಪ್ರಶ್ನೆ ಎದ್ದಿತು. ಯಾರ ಭಯದಿಂದ ಈ ಕೆಲಸಕ್ಕೆ ಕೈಹಾಕಿದೆವೋ ಅವರೇ ಸೋಲುತ್ತಿರುವಾಗ ನಾವೇಕೆ ಇದನ್ನು ಮುಂದುವರಿಸಬೇಕು? ಈ ಬಾಂಬು ನಾಗರಿಕತೆಯನ್ನು ಏನು ಮಾಡೀತು ಎಂಬ ಬಗ್ಗೆ ಸಭೆ ಸೇರೋಣ ಎಂದು ಗೋಡೆಗಳ ಮೇಲೆ ಚೀಟಿ ಅಂಟಿಸಿದರು. ಇಡೀ ಯೋಜನೆಯ ಮುಖ್ಯಸ್ಥ ಒಪೆನ್‌ಹೈಮರ್‌ಗೆ ಇದು ಇಷ್ಟವಿರಲಿಲ್ಲ. ಬೇಡವೆಂದು ಹೇಳಿಯೂ ನೋಡಿದರು, ಕೊನೆಗೆ ತಾವೂ ಬಂದು ಕುಳಿತರು. ಚಳಿಯ ಕಟ್ಟಡದಲ್ಲಿ ಸೇರಿದವರು ಇಪ್ಪತ್ತೋ ಏನೋ ಜನ. ಮಾತಾಡಿದರು, ಎದ್ದು ಹೋದರು, ಕೆಲಸ ಮುಂದುವರಿಯಿತು. ವಿಲ್ಸನ್ ಕೂಡ ಮುಂದುವರಿಸಿದರು. 1945ರ ಜುಲೈನಲ್ಲಿ ಪರೀಕ್ಷಾ ಸ್ಫೋಟ ಯಶಸ್ವಿಯಾಗಿ ಉಳಿದವರೆಲ್ಲ ಕುಣಿಯುತ್ತಿದ್ದಾಗ ವಿಲ್ಸನ್ ಒಬ್ಬರೇ ಮಂಕಾಗಿ ಕುಳಿತಿದ್ದರೆಂದು ಫೈನ್‌ಮನ್ ಬರೆದಿದ್ದಾರೆ. ಮುಂದಿನ ತಿಂಗಳು ಹಿರೋಶಿಮಾ, ನಾಗಾಸಾಕಿ. ಜರ್ಮನಿ ಶರಣಾದ ದಿನವೇ ತಾನು ಎದ್ದು ಬರಬೇಕಿತ್ತು ಎಂಬ ಸಂಕಟವನ್ನು ದಶಕಗಳ ನಂತರ ಒಂದು ಸಾಕ್ಷ್ಯಚಿತ್ರದಲ್ಲಿ ಅವರು ಮುಚ್ಚುಮರೆಯಿಲ್ಲದೆ ಹೇಳಿಕೊಂಡರು.

ಯುದ್ಧ ಮುಗಿದ ಮರುವರ್ಷವೇ, 1946ರಲ್ಲಿ, ಅವರು ಬರೆದ ಒಂದು ಸಣ್ಣ ಲೇಖನ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಪ್ರೋಟಾನ್ ಕಣ ದೇಹದೊಳಗೆ ಹೋಗುವಾಗ ದಾರಿಯಲ್ಲಿ ಸ್ವಲ್ಪ ಶಕ್ತಿ ಬಿಟ್ಟು, ನಿಲ್ಲುವ ಜಾಗದಲ್ಲಿ ಹೆಚ್ಚಿನದನ್ನು ಸುರಿದುಬಿಡುತ್ತದೆ. ಆ ನಿಲ್ಲುವ ಜಾಗವನ್ನು ಕ್ಯಾನ್ಸರ್ ಗಡ್ಡೆಯ ಮೇಲೇ ಹೊಂದಿಸಿದರೆ ಸುತ್ತಲಿನ ಅಂಗಗಳಿಗೆ ಪೆಟ್ಟು ಕಡಿಮೆ ಎಂಬುದು ಅವರ ಲೆಕ್ಕಾಚಾರ. ಇಂದಿನ ಪ್ರೋಟಾನ್ ಚಿಕಿತ್ಸೆಯ ಮೂಲ ಅದು. ನಮ್ಮ ಪಕ್ಕದ ಚೆನ್ನೈನಲ್ಲಿ ಇಂಥ ಚಿಕಿತ್ಸಾ ಕೇಂದ್ರ ತೆರೆದದ್ದು 2019ರಲ್ಲಿ, ಅಂದರೆ 73 ವರ್ಷದ ಮೇಲೆ. ನನ್ನನ್ನು ಕೇಳಿದರೆ, ಉಪಯೋಗಗಳ ಅಧ್ಯಾಯದಲ್ಲಿ ಬರೆದುಕೊಳ್ಳಲು ವಿಲ್ಸನ್ ಬಳಿ ಬೇಕಾದಷ್ಟಿತ್ತು. ಮುಂದೆ ಅವರು ಅದನ್ನು ಬಳಸಿಕೊಳ್ಳದೇ ಇದ್ದದ್ದೇ ಸ್ವಾರಸ್ಯ.

ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಇಪ್ಪತ್ತು ವರ್ಷ ಕಳೆದರು. ಒಂದಾದ ಮೇಲೊಂದು ವೇಗವರ್ಧಕ ಕಟ್ಟಿದರು, ಕೊನೆಯದು ಆಟದ ಮೈದಾನದ ಅಡಿಯ ಸುರಂಗದಲ್ಲಿತ್ತು. ನಡುವೆ ಇಟಲಿಯ ಕರಾರಾಕ್ಕೆ ಹೋಗಿ ಶಿಲ್ಪಕಲೆಯನ್ನೂ ಕಲಿತು ಬಂದರು.

ಆ ಹೊತ್ತಿಗೆ ಅಮೆರಿಕ 200 ಶತಕೋಟಿ ಎಲೆಕ್ಟ್ರಾನ್ ವೋಲ್ಟ್‌ನ ದೈತ್ಯ ಯಂತ್ರ ಕಟ್ಟಲು ಹೊರಟಿತ್ತು. ಇಷ್ಟು ದೊಡ್ಡದೇಕೆ ಎಂದರೆ, ಪ್ರೋಟಾನಿನ ಒಳಗೇನಿದೆ ಎಂದು ತಿಳಿಯಲು ಅದನ್ನು ಭಾರಿ ವೇಗದಲ್ಲಿ ಹೊಡೆಯಬೇಕು. ವೇಗ ಹೆಚ್ಚಿದಷ್ಟೂ ಅದನ್ನು ತಿರುಗಿಸಿ ವೃತ್ತದಲ್ಲಿ ಇರಿಸುವುದು ಕಷ್ಟ. ಒಂದೋ ಆಯಸ್ಕಾಂತ ಬಲವಾಗಬೇಕು, ಇಲ್ಲವೇ ವೃತ್ತ ದೊಡ್ಡದಾಗಬೇಕು. ಬರ್ಕ್ಲಿಯವರು ಸಿದ್ಧಪಡಿಸಿದ ವಿನ್ಯಾಸಕ್ಕೆ 30 ಕೋಟಿ ಡಾಲರ್‌ಗೂ ಹೆಚ್ಚು ಬೇಕಿತ್ತು. ಅದು ಅತಿ ಎಚ್ಚರಿಕೆಯ, ದುಬಾರಿ, ರುಚಿಯಿಲ್ಲದ ವಿನ್ಯಾಸ ಎಂದು ವಿಲ್ಸನ್ ಟೀಕಿಸಿದರು. 1967ರಲ್ಲಿ ಆ ಯಂತ್ರ ಕಟ್ಟುವ ಹೊಣೆ ಅವರ ಹೆಗಲಿಗೇ ಬಂತು. 25 ಕೋಟಿಯಲ್ಲಿ ಮುಗಿಸುತ್ತೇನೆ, ಮುಂದೆ ಶಕ್ತಿಯನ್ನು ಇನ್ನೂ ಏರಿಸಲು ಜಾಗ ಬಿಟ್ಟಿರುತ್ತೇನೆ ಎಂದು ಒಪ್ಪಿಕೊಂಡರು.

ಇದರ ನಡುವೆ, 1969ರ ಏಪ್ರಿಲ್ 17ರಂದು, ಆ ವಿಚಾರಣೆ ನಡೆಯಿತು. ಸೆನೆಟರ್ ಜಾನ್ ಪಾಸ್ಟೋರ್ ಕೇಳಿದ್ದು ಒಂದೇ ವಿಷಯ. ಈ ಯಂತ್ರದಿಂದ ದೇಶದ ಭದ್ರತೆಗೆ ಏನಾದರೂ ಸಹಾಯ ಉಂಟೇ? ಪಾಸ್ಟೋರ್ ವಿರೋಧಿಯೇನಲ್ಲ. ವಿಯೆಟ್ನಾಂ ಯುದ್ಧ ನಡೆಯುತ್ತಿದ್ದ ಕಾಲ, ಹೌದು ಎಂದಿದ್ದರೆ ಹಣ ಸಲೀಸು. ಅವರು ಒಂದು ರೀತಿಯಲ್ಲಿ ಏಣಿ ಇಟ್ಟುಕೊಡುತ್ತಿದ್ದರು. ವಿಲ್ಸನ್ ಹತ್ತಲಿಲ್ಲ, ಇಲ್ಲ ಎಂದುಬಿಟ್ಟರು. ಸೆನೆಟರ್ ಮತ್ತೆ ಮತ್ತೆ ಕೆದಕಿದಾಗ ಅವರು ಕೊಟ್ಟ ವಿವರಣೆಯ ಸಾರ ಇಷ್ಟು: ಚಿತ್ರಕಲೆ, ಶಿಲ್ಪ, ಕಾವ್ಯ ಇವೆಲ್ಲ ಯಾವ ಸಾಲಿಗೆ ಸೇರುತ್ತವೋ ಈ ಹುಡುಕಾಟವೂ ಅದೇ ಸಾಲಿನದು. ದೇಶ ಕಾಯಲು ಇದು ಬರುವುದಿಲ್ಲ, ಕಾಯುವಷ್ಟು ಬೆಲೆಯುಳ್ಳ ದೇಶ ಆಗಲು ಬೇಕಾಗುತ್ತದೆ.

ಈ ಮಾತನ್ನು ಚಂದದ ಭಾಷಣವೆಂದು ಬಹಳ ಜನ ಎತ್ತಿ ಹೇಳುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ಆ ಕೋಣೆಯಲ್ಲಿ ದೇಶದ ಭದ್ರತೆಗಾಗಿ ಭೌತವಿಜ್ಞಾನ ಏನು ಮಾಡಬಲ್ಲದು ಎಂದು ಕೈಯಾರೆ ಮಾಡಿ ತಿಳಿದವರು ವಿಲ್ಸನ್. 1945ರಲ್ಲಿ ಹೇಳಬೇಕಾಗಿದ್ದ ಇಲ್ಲ ಎಂಬುದನ್ನು ಅವರು 1969ರಲ್ಲಿ ಹೇಳಿದರು ಎಂದು ನಾನು ತಿಳಿದಿದ್ದೇನೆ.

ಹಣ ಮಂಜೂರಾಯಿತು. ಆದರೆ ಯಂತ್ರ ಸುಲಭಕ್ಕೆ ಬಗ್ಗಲಿಲ್ಲ. ಆರು ಕಿಲೋಮೀಟರಿಗೂ ಹೆಚ್ಚು ಸುತ್ತಳತೆಯ ಸುರಂಗದಲ್ಲಿ 1,014 ಆಯಸ್ಕಾಂತಗಳನ್ನು ಸಾಲಾಗಿ ಕೂರಿಸಿದ್ದರು. 1971ರ ಬೇಸಿಗೆಯಲ್ಲಿ ಸುರಂಗದೊಳಗೆ ತೇವ ಕಟ್ಟಿ, ಇನ್ಸುಲೇಷನ್ನಿನ ಸಣ್ಣ ಸಣ್ಣ ಬಿರುಕುಗಳಲ್ಲಿ ನೀರು ಸೇರಿ, ಒಂದರ ಹಿಂದೆ ಒಂದು ಶಾರ್ಟ್ ಆಗತೊಡಗಿದವು. ಮಳೆಗಾಲದಲ್ಲಿ ಅಪ್ಪನ ಅಂಗಡಿಗೆ ಬರುವ ಮೋಟಾರುಗಳದ್ದೂ ಇದೇ ಕತೆ. ಮೆಗ್ಗರ್ ಹಿಡಿದರೆ ಮುಳ್ಳು ಮೇಲೇಳುವುದೇ ಇಲ್ಲ. ಆದರೆ ಅಲ್ಲಿ ಒಂದೊಂದೂ ಹಲವು ಟನ್ ತೂಕದ್ದು, ಬಹುಪಾಲು 20 ಅಡಿ ಉದ್ದದವು. ಸುಮಾರು 350 ಆಯಸ್ಕಾಂತಗಳನ್ನು ಹೊರತೆಗೆದು ಬೇರೆ ಹಾಕಬೇಕಾಯಿತು. ಮೊದಲ ಸಲಕ್ಕೇ ಸರಿಯಾಗಿ ಓಡುವ ಯಂತ್ರಕ್ಕೆ ಅಗತ್ಯಕ್ಕಿಂತ ಹೆಚ್ಚು ಖರ್ಚು ಮಾಡಿರುತ್ತಾರೆ ಎಂಬುದು ವಿಲ್ಸನ್ ನಂಬಿಕೆ. ಆ ನಂಬಿಕೆಯ ಬೆಲೆ ಅವರ ಎಂಜಿನಿಯರುಗಳ ನಿದ್ದೆ. ಪ್ರಯೋಗ ನಡೆಸಲು ಬಂದ ವಿಜ್ಞಾನಿಗಳು ಕೂಡ ನೀರು ಸೋರುವ ಗುಂಡಿಗಳಲ್ಲಿ ಉಪಕರಣ ಇಡಬೇಕಾಯಿತೆಂದು ಗೊಣಗಿದ್ದುಂಟು. ಗೊಣಗಿದ್ದರಲ್ಲಿ ತಪ್ಪಿಲ್ಲ ಅನ್ನಿಸುತ್ತದೆ.

ಇನ್ನೊಂದು ತಮಾಷೆ ಕೇಳಿ. ಉದ್ದನೆಯ ನಿರ್ವಾತ ಕೊಳವೆಗಳೊಳಗೆ ಲೋಹದ ಚೂರು, ಧೂಳು ಉಳಿದಿದ್ದವು. ಅವನ್ನು ತೆಗೆಯಲು ಮುಂಗುಸಿಯನ್ನು ಹೋಲುವ ಫೆರೆಟ್ ಎಂಬ ಪ್ರಾಣಿ ತಂದರು, ಫೆಲಿಶಿಯಾ ಎಂದು ಹೆಸರು. ಬಿಲಕ್ಕೆ ನುಗ್ಗುವುದು ಅದರ ಹುಟ್ಟುಗುಣ. ದಾರ ಕಟ್ಟಿ ಕೊಳವೆಗೆ ಬಿಟ್ಟರೆ ಆ ತುದಿಯಲ್ಲಿ ಹೊರಬರುತ್ತಿತ್ತು. ಆಮೇಲೆ ಆ ದಾರಕ್ಕೆ ಒರೆಸುವ ಬಟ್ಟೆ ಕಟ್ಟಿ ಎಳೆಯುತ್ತಿದ್ದರು. ಕೊಳವೆ ಗಲೀಜಾಗದಿರಲಿ ಎಂದು ಫೆಲಿಶಿಯಾಗೆ ಡೈಪರ್ ಬೇರೆ! ಕೋಟ್ಯಂತರ ಡಾಲರಿನ ಯಂತ್ರದ ಕತೆಯಲ್ಲಿ ನನಗೆ ಬಹಳ ಹಿಡಿಸಿದ ಪಾತ್ರ ಇದು.

1972ರ ಮಾರ್ಚ್ 1ರಂದು ಯಂತ್ರ 200 ಶತಕೋಟಿ ಮುಟ್ಟಿತು. ಕೆಲವೇ ವರ್ಷಗಳಲ್ಲಿ ಅದೇ ಸುರಂಗದಲ್ಲಿ 500ಕ್ಕೂ ಏರಿತು. ಇಷ್ಟಾಗಿಯೂ ಕೊಟ್ಟ ದುಡ್ಡಿನಲ್ಲಿ ಸ್ವಲ್ಪ ಉಳಿದಿತ್ತು.

ಅಷ್ಟು ಜುಗ್ಗತನ ಮಾಡಿದ ಮನುಷ್ಯ ನೋಟದ ವಿಷಯದಲ್ಲಿ ಮಾತ್ರ ಕೈ ಬಿಗಿ ಹಿಡಿಯಲಿಲ್ಲ. ಜನರ ತೆರಿಗೆಯಲ್ಲಿ ಎದ್ದ ಜಾಗ ಜನ ಬಂದು ನೋಡುವಂತಿರಬೇಕು ಎಂಬುದು ಅವರ ಹಟ. ಕಚೇರಿಗೆಂದು ಎಬ್ಬಿಸಿದ 16 ಅಂತಸ್ತಿನ ಕಟ್ಟಡ ಫ್ರಾನ್ಸಿನ ಬೋವೆ ಊರಿನ ಪ್ರಾಚೀನ ಚರ್ಚಿನಿಂದ ಪ್ರೇರಣೆ ಪಡೆದದ್ದು. ಎರಡು ಗೋಪುರಗಳು ಮೇಲೆ ಹೋಗುತ್ತ ಜೋಡಿಸಿದ ಕೈಗಳ ಹಾಗೆ ಬಾಗುತ್ತವೆ. ಎತ್ತರದ ಆಸೆಗೆ ಬಿದ್ದು ಬೋವೆ ಚರ್ಚಿನ ಚಾವಣಿ 1284ರಲ್ಲಿ ಕುಸಿದಿತ್ತು. ಆಯಸ್ಕಾಂತಗಳ ಪಾಡು ನೆನೆದರೆ ವಿಲ್ಸನ್ ಆರಿಸಿಕೊಂಡ ಮಾದರಿ ತಕ್ಕದ್ದೇ! ವಿದ್ಯುತ್ ತಂತಿಯ ಕಂಬಗಳನ್ನು ಕೂಡ ಗಣಿತದ ಪೈ ಅಕ್ಷರದ ಆಕಾರದಲ್ಲಿ ಮಾಡಿಸಿದರು. ಬಾಗಿಲ ಕಮಾನು, ಕೊಳದಲ್ಲಿ ನಿಂತ 32 ಅಡಿಯ ಉಕ್ಕಿನ ಸ್ತಂಭ ಅವರದೇ ಶಿಲ್ಪಗಳು. ಸಭಾಂಗಣದಲ್ಲಿ ಸಂಗೀತ ಕಛೇರಿಗಳು ನಡೆದವು. 1969ರಲ್ಲೇ ಒಂದು ಗಂಡು, ನಾಲ್ಕು ಹೆಣ್ಣು ಬೈಸನ್ ತರಿಸಿ ಬಿಟ್ಟಿದ್ದರು. ಆ ಹುಲ್ಲುಗಾವಲು ಸೀಮೆಯಲ್ಲಿ ಹಿಂದೆ ಹಿಂಡುಹಿಂಡಾಗಿ ಮೇಯುತ್ತಿದ್ದು ಬೇಟೆಗೆ ಬಲಿಯಾದ ಪ್ರಾಣಿ ಅದು. ವೇಗವರ್ಧಕದ ವೃತ್ತದೊಳಗಿನ ಬಯಲಿನಲ್ಲಿ ಹಳೆಯ ಕಾಲದ ಹುಲ್ಲುಗಾವಲನ್ನೇ ಮತ್ತೆ ಬೆಳೆಸುವ ಕೆಲಸ ಸಸ್ಯವಿಜ್ಞಾನಿ ರಾಬರ್ಟ್ ಬೆಟ್ಜ್ ನೇತೃತ್ವದಲ್ಲಿ ಶುರುವಾಯಿತು. ಬೈಸನ್ ನೋಡಲು ಬಂದ ಮಕ್ಕಳು ಆ ದೊಡ್ಡ ಕಟ್ಟಡ ಏನೆಂದು ಕೇಳದೇ ಇರುತ್ತವೆಯೇ?

ನೌಕರಿಯ ವಿಷಯವನ್ನೂ ಹೇಳಬೇಕು. ವರ್ಣಭೇದದ ವಿರುದ್ಧ ಚಳವಳಿ ಕಾವೇರಿದ್ದ ದಿನಗಳವು. ಕಪ್ಪು ಜನರಿಗೆ ಮನೆ ಸಿಗದ ಪ್ರದೇಶದಲ್ಲಿ ಪ್ರಯೋಗಾಲಯ ಏಕೆ ಎಂದು ಪ್ರತಿಭಟನೆ ನಡೆದಿತ್ತು. ವಿಲ್ಸನ್ ಮತ್ತು ಉಪನಿರ್ದೇಶಕ ಎಡ್ವಿನ್ ಗೋಲ್ಡ್‌ವಾಸರ್ 1968ರಲ್ಲಿ ಮಾನವ ಹಕ್ಕುಗಳ ನೀತಿಯನ್ನು ಬರೆದು ಪ್ರಕಟಿಸಿದರು. ವಿಜ್ಞಾನದ ಗುರಿಯೋ, ಮನುಷ್ಯರ ಹಕ್ಕೋ ಎಂಬ ಪ್ರಶ್ನೆ ಬಂದರೆ ಹಕ್ಕಿನ ಪರ ನಿಲ್ಲುತ್ತೇವೆ ಎಂಬುದು ಅದರ ತಿರುಳು. ಷಿಕಾಗೋದ ಬಡ ಬಡಾವಣೆಗಳಿಂದ ಕಪ್ಪು ಯುವಕರನ್ನು ಆಯ್ದು, ತರಬೇತಿಗೆ ಕಳುಹಿಸಿ, ತಂತ್ರಜ್ಞರಾಗಿ ಸೇರಿಸಿಕೊಂಡರು. ಅನುಭವ ಎಷ್ಟಿದೆ ಎಂದು ಮೊದಲೇ ಕೇಳುವ ಜಾಹೀರಾತುಗಳನ್ನು ದಿನವೂ ನೋಡುವ ನಮಗೆ ಇದರ ಬೆಲೆ ಗೊತ್ತು.

1974ರಲ್ಲಿ ಪ್ರಯೋಗಾಲಯಕ್ಕೆ ಎನ್ರಿಕೊ ಫರ್ಮಿ ಹೆಸರಿಟ್ಟರು. 1977ರಲ್ಲಿ ಲಿಯೊನ್ ಲೆಡರ್‌ಮನ್ ತಂಡ ಅಲ್ಲಿ ಬಾಟಮ್ ಕ್ವಾರ್ಕಿನ ಸುಳಿವು ಕಂಡುಹಿಡಿಯಿತು. ಅತಿವಾಹಕ ಆಯಸ್ಕಾಂತ ಹಾಕಿ ಅದೇ ಸುರಂಗದಲ್ಲಿ ಶಕ್ತಿ ದುಪ್ಪಟ್ಟು ಮಾಡುವುದು ವಿಲ್ಸನ್ ಅವರ ಮುಂದಿನ ಕನಸು. ಸರ್ಕಾರ ಸಾಕಷ್ಟು ಹಣ ಕೊಡಲಿಲ್ಲ. 1978ರಲ್ಲಿ ಪ್ರತಿಭಟಿಸಿ ರಾಜೀನಾಮೆ ಕೊಟ್ಟರು. ಯಂತ್ರವನ್ನು ಲೆಡರ್‌ಮನ್ ಪೂರೈಸಿದರು. ಟೆವಟ್ರಾನ್ ಎಂದು ಹೆಸರಾದ ಅದರಲ್ಲೇ 1995ರಲ್ಲಿ ಟಾಪ್ ಕ್ವಾರ್ಕ್ ಸಿಕ್ಕಿತು. ಆ ಸುದ್ದಿ ಕೇಳುವಾಗ ವಿಲ್ಸನ್‌ಗೆ 80.

2000ದ ಜನವರಿ 16ರಂದು ತೀರಿಕೊಂಡರು. ಫರ್ಮಿಲ್ಯಾಬಿನ ಆವರಣದಲ್ಲೇ ಹತ್ತೊಂಬತ್ತನೇ ಶತಮಾನದ ರೈತರ ಪುಟ್ಟ ಸ್ಮಶಾನವೊಂದಿದೆ. ಆ ರೈತರ ಪಕ್ಕದಲ್ಲೇ ಅವರನ್ನೂ ಮಣ್ಣು ಮಾಡಿದರು. ಟೆವಟ್ರಾನ್ 2011ರಲ್ಲಿ ನಿಂತಿತು. ಈಗ ಅಲ್ಲಿ ನ್ಯೂಟ್ರಿನೊಗಳ ಬೆನ್ನು ಹತ್ತಿದ್ದಾರೆ. 1965ರಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಯ ಆಳದಲ್ಲಿ ವಾತಾವರಣದ ನ್ಯೂಟ್ರಿನೊಗಳನ್ನು ಗುರುತಿಸಿದ್ದು ಗೊತ್ತಿದ್ದವರಿಗೆ ಇದು ಅಷ್ಟೇನೂ ದೂರದ ಮಾತಲ್ಲ. ಬೈಸನ್‌ಗಳು ಈಗಲೂ ಇವೆ. ವಸಂತದಲ್ಲಿ ಕರು ಹಾಕುತ್ತವೆ, ಸುತ್ತಲ ಊರಿನವರು ಮಕ್ಕಳನ್ನು ಕರೆದುಕೊಂಡು ಬಂದು ಬೇಲಿಯ ಈಚೆ ನಿಂತು ನೋಡುತ್ತಾರೆ.