ವಜ್ರಗಳನ್ನು ಪ್ರಶ್ನಿಸಿದ ವಿಜ್ಞಾನಿ: ಸರ್ ಸಿ.ವಿ. ರಾಮನ್

ಮಕ್ಕಳೇ, ಪ್ರತಿ ವರ್ಷ ಫೆಬ್ರವರಿ 28ರಂದು ನೀವು ರಾಷ್ಟ್ರೀಯ ವಿಜ್ಞಾನ ದಿನ ಆಚರಿಸುತ್ತೀರಿ. 1928ರ ಆ ದಿನ ‘ರಾಮನ್ ಪರಿಣಾಮ’ವನ್ನು ಕಂಡುಹಿಡಿದವರು ಸರ್ ಸಿ.ವಿ. ರಾಮನ್. ಅವರು ಬೆಂಗಳೂರಿನಲ್ಲಿ ನೂರಾರು ವಜ್ರಗಳನ್ನು ಪರೀಕ್ಷಿಸಿದ್ದರು ಎಂಬುದು ನಿಮಗೆ ಗೊತ್ತೇ?

ಚಂದ್ರಶೇಖರ ವೆಂಕಟರಾಮನ್ ಹುಟ್ಟಿದ್ದು 1888ರ ನವೆಂಬರ್ 7ರಂದು, ತಮಿಳುನಾಡಿನ ತಿರುಚಿರಾಪಳ್ಳಿಯಲ್ಲಿ. 1907ರಲ್ಲಿ ಅವರು ಕಲ್ಕತ್ತೆಯಲ್ಲಿ ಹಣಕಾಸು ಇಲಾಖೆಯ ಅಧಿಕಾರಿಯಾದರು. ಹಗಲು ಕಚೇರಿ ಕೆಲಸ. ಉಳಿದ ವೇಳೆಯಲ್ಲಿ ಪ್ರಯೋಗ. ಪಾರದರ್ಶಕ ವಸ್ತುವಿನಲ್ಲಿ ಬೆಳಕು ಹಾದುಹೋದಾಗ ಅದರ ಅತ್ಯಲ್ಪ ಭಾಗ ಬಣ್ಣ ಬದಲಿಸುತ್ತದೆ. ಈ ಬದಲಾವಣೆ ಒಂದೊಂದು ವಸ್ತುವಿಗೂ ಒಂದೊಂದು ಬಗೆ, ನಮ್ಮ ಹೆಬ್ಬೆಟ್ಟಿನ ಗುರುತಿನಂತೆ! ಇದೇ ರಾಮನ್ ಪರಿಣಾಮ. ಇದಕ್ಕಾಗಿ 1930ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂದಿತು.

1933ರಲ್ಲಿ ರಾಮನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬಂದರು. ಇಲ್ಲಿ ಅವರ ಮನಸ್ಸನ್ನು ಸೆಳೆದದ್ದು ವಜ್ರ.

ವಜ್ರ ಎಂದರೇನು? ನಿಮ್ಮ ಪೆನ್ಸಿಲ್ಲಿನ ಕಡ್ಡಿಯಲ್ಲಿರುವ ಗ್ರಾಫೈಟ್ ಮತ್ತು ವಜ್ರ ಎರಡೂ ಇಂಗಾಲವೇ. ಪರಮಾಣುಗಳ ಜೋಡಣೆ ಮಾತ್ರ ಬೇರೆ. ಗ್ರಾಫೈಟ್‌ನಲ್ಲಿ ಅವು ಪದರ ಪದರವಾಗಿದ್ದು ಸುಲಭವಾಗಿ ಜಾರುತ್ತವೆ. ವಜ್ರದಲ್ಲಿ ಪ್ರತಿ ಪರಮಾಣುವೂ ನಾಲ್ಕು ಪರಮಾಣುಗಳನ್ನು ಬಿಗಿಯಾಗಿ ಹಿಡಿದಿರುತ್ತದೆ. ಆದ್ದರಿಂದಲೇ ಅದು ಅತಿ ಗಟ್ಟಿಯಾದ ನೈಸರ್ಗಿಕ ಖನಿಜ. ನಮ್ಮ ಗುಡ್ಡಗಳ ಗ್ರಾನೈಟ್‌ನಂಥ ಕಲ್ಲನ್ನೂ ವಜ್ರದ ಹರಳು ಕೂರಿಸಿದ ಗರಗಸ ಕೊಯ್ಯುತ್ತದೆ.

ನಮ್ಮ ಜಿಲ್ಲೆಯ ಕೆ.ಜಿ.ಎಫ್. ಚಿನ್ನದ ಗಣಿ ಸುಮಾರು 3 ಕಿಲೋಮೀಟರ್ ಆಳಕ್ಕೆ ಇಳಿದಿತ್ತು. ಆದರೆ ಹೆಚ್ಚಿನ ವಜ್ರಗಳು ಹುಟ್ಟುವುದು ಸುಮಾರು 150 ಕಿಲೋಮೀಟರ್‌ಗೂ ಹೆಚ್ಚು ಆಳದಲ್ಲಿ, ಭಾರಿ ಒತ್ತಡ ಮತ್ತು ಶಾಖದಲ್ಲಿ. ಜ್ವಾಲಾಮುಖಿಗಳು ಅವನ್ನು ಕಿಂಬರ್ಲೈಟ್ ಎಂಬ ಶಿಲೆಯೊಡನೆ ಮೇಲಕ್ಕೆ ತಂದವು. ಆಂಧ್ರಪ್ರದೇಶದ ಅನಂತಪುರ ಜಿಲ್ಲೆಯ ವಜ್ರಕರೂರಿನಲ್ಲಿ ಈ ಶಿಲೆ ಇದೆ.

ರಾಮನ್ ಕತ್ತಲಲ್ಲಿ ವಜ್ರಗಳ ಮೇಲೆ ನೇರಳಾತೀತ ಕಿರಣ ಹಾಯಿಸಿದರು. ಕೆಲವು ನೀಲಿಯಾಗಿ ಹೊಳೆದವು, ಕೆಲವು ಹಸಿರಾಗಿ. ಕೆಲವು ಹೊಳೆಯಲೇ ಇಲ್ಲ. ಎಲ್ಲವೂ ಇಂಗಾಲವೇ ಆಗಿರುವಾಗ ಈ ವ್ಯತ್ಯಾಸವೇಕೆ? ಪರಮಾಣುಗಳ ಜೋಡಣೆಯಲ್ಲಿಯೇ ಹಲವು ಬಗೆಗಳಿವೆ ಎಂದು 1940ರ ದಶಕದಲ್ಲಿ ರಾಮನ್ ವಾದಿಸಿದರು. ಲಂಡನ್ನಿನ ವಿಜ್ಞಾನಿ ಕ್ಯಾಥ್ಲೀನ್ ಲಾನ್ಸ್‌ಡೇಲ್ ಇದನ್ನು ಒಪ್ಪಲಿಲ್ಲ. ಚರ್ಚೆ ವರ್ಷಗಟ್ಟಲೆ ನಡೆಯಿತು.

1959ರಲ್ಲಿ ಅಮೆರಿಕದ ಪ್ರಯೋಗಾಲಯವೊಂದರಲ್ಲಿ ಹೊಸ ಸುಳಿವು ಸಿಕ್ಕಿತು. ಅನೇಕ ವಜ್ರಗಳಲ್ಲಿ ಅತ್ಯಲ್ಪ ಪ್ರಮಾಣದ ಸಾರಜನಕ ಬೆರೆತಿತ್ತು! ವಜ್ರಗಳ ನಡುವಿನ ವ್ಯತ್ಯಾಸಕ್ಕೆ ಮುಖ್ಯ ಕಾರಣ ಇಂಥ ಬೆರಕೆಗಳೇ ಎಂದು ತಿಳಿಯಿತು. ರಾಮನ್ ಕೊಟ್ಟ ಉತ್ತರ ನಿಲ್ಲಲಿಲ್ಲ. ಆದರೆ ಅವರು ಕಣ್ಣಾರೆ ಕಂಡು ಬರೆದಿಟ್ಟದ್ದು ಸುಳ್ಳಾಗಲಿಲ್ಲ. ನೊಬೆಲ್ ಪಡೆದವರ ಮಾತನ್ನೂ ಪ್ರಯೋಗ ಒಪ್ಪಬೇಕು. ಇದೇ ವಿಜ್ಞಾನದ ನಿಯಮ.

ಇಂದು ಕಲ್ಲೊಂದು ವಜ್ರವೋ ಗಾಜೋ ಎಂದು ತಿಳಿಯಲು ಅದರ ಮೇಲೆ ಲೇಸರ್ ಬೆಳಕು ಬಿಡುತ್ತಾರೆ. ಬೆಳಕು ಹೇಗೆ ಬದಲಾಯಿತು ಎಂಬುದೇ ಗುಟ್ಟು ಹೇಳಿಬಿಡುತ್ತದೆ. ಈ ವಿಧಾನಕ್ಕೆ ಆಧಾರ ರಾಮನ್ ಪರಿಣಾಮವೇ!

1948ರಲ್ಲಿ ರಾಮನ್ ಬೆಂಗಳೂರಿನಲ್ಲಿ ತಮ್ಮದೇ ಸಂಶೋಧನಾ ಸಂಸ್ಥೆ ಸ್ಥಾಪಿಸಿದರು. 1954ರಲ್ಲಿ ಅವರಿಗೆ ಭಾರತರತ್ನ ದೊರೆಯಿತು. 1970ರ ನವೆಂಬರ್ 21ರಂದು ನಿಧನರಾಗುವವರೆಗೂ ಅವರು ಕೆಲಸದಲ್ಲಿ ತೊಡಗಿದ್ದರು. ಅವರು ಪ್ರೀತಿಯಿಂದ ಕೂಡಿಸಿದ ಹರಳು, ಖನಿಜಗಳ ಸಂಗ್ರಹ ಆ ಸಂಸ್ಥೆಯಲ್ಲಿದೆ.